ತಳ್ಳುವ ಬಸ್ಸಿನ ಭಾವಚಿತ್ರ

ದಿಬ್ಬದಹಟ್ಟಿಯ ವಸ್ತಿ ಬಸ್ಸನ್ನು ತಳ್ಳಿಯೇ ಸ್ಟಾರ್ಟ್ ಮಾಡಬೇಕು ಎಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಬರೆದಿಟ್ಟ ಕಾನೂನುಗಳ ಪೈಕಿ ಒಂದೂ ನಮ್ಮೂರಲ್ಲಿ ಇಷ್ಟು ನಿಷ್ಠೆಯಿಂದ ಪಾಲನೆಯಾದದ್ದನ್ನು ನಾನು ಕಂಡಿಲ್ಲ.

ಬಸ್ಸು ಐದೂರು ಸಹಕಾರಿ ಸಾರಿಗೆ ಸಂಘದ್ದು. ಐದೂರು ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ಸಂಜೆ ಕೊಟ್ಟೂರು ಕಡೆಯಿಂದ ಬಂದು, ರಾತ್ರಿ ನಮ್ಮೂರಲ್ಲಿ ಉಳಿದು, ಬೆಳಿಗ್ಗೆ ಹರಪನಹಳ್ಳಿಗೆ ಹೋಗುವುದು ಅದರ ಕೆಲಸ. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ನೆನಪಿದ್ದವರೂ ಸತ್ತಿದ್ದರು. ಡ್ರೈವರ್ ಹುಲುಗಣ್ಣ ಬಸ್ಸನ್ನು ಊರ ಹೊರಗಿನ ದಿಬ್ಬದ ಮೇಲೆ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಮಲಗುತ್ತಿದ್ದ. ಮುಂದೆ ಇಳಿಜಾರು ಇತ್ತು, ಆದರೆ ಬಸ್ಸಿಗೆ ಅದರ ಅರಿವಿರಲಿಲ್ಲ. ಆದ್ದರಿಂದ ಬೆಳಿಗ್ಗೆ ಜನ ತಳ್ಳಬೇಕು. ಟಿಕೆಟ್ ತೆಗೆದುಕೊಂಡವರು ಹಿಂದೆ, ಪಾಸಿನವರು ಎಡಬಲಕ್ಕೆ, ಕೈಗೂಸಿನ ತಾಯಂದಿರು ಒಳಗೆ. ಟಿಕೆಟ್ ಇಲ್ಲದವರು ಎಲ್ಲರಿಗಿಂತ ಜೋರಾಗಿ ಕೂಗಬೇಕು. ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿದ ಮೇಲೆ ಇದಕ್ಕೆ ಇನ್ನೊಂದು ಘನತೆ ಬಂತು. ಗಡಿ ದಿಬ್ಬದ ಬುಡದಲ್ಲೇ ಇದ್ದುದರಿಂದ ತಳ್ಳುವವರು ಬಳ್ಳಾರಿ ಜಿಲ್ಲೆಯಲ್ಲಿ ತಳ್ಳುತ್ತಿದ್ದರು, ಬಸ್ಸು ದಾವಣಗೆರೆ ಜಿಲ್ಲೆಯಲ್ಲಿ ಸ್ಟಾರ್ಟ್ ಆಗುತ್ತಿತ್ತು.

ಹೀಗೆ ತಳ್ಳುವವರಲ್ಲಿ ಗಿಡ್ಡಮ್ಮನ ಮಗಳು ರಮಾ ಒಬ್ಬಳು. ಆ ಓಣಿಯಲ್ಲಿ ತಿಂಗಳ ಸಂಬಳದ ನೌಕರಿ ಕಂಡವಳು ಅವಳೇ ಮೊದಲು. ಹರಪನಹಳ್ಳಿಯಲ್ಲಿರುವ ಇದೇ ಸಾರಿಗೆ ಸಂಘದ ಪ್ರಧಾನ ಕಚೇರಿಯಲ್ಲಿ ಟೈಪಿಸ್ಟ್. ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆದ ದಿನವೇ ಹರಪನಹಳ್ಳಿಯಲ್ಲಿ ನಲ್ಲಿ ಇರುವ ಒಂದು ಬಾಡಿಗೆ ಮನೆ ಹಿಡಿಯುವುದು, ಅವ್ವನ ಕೂಲಿ ಬಿಡಿಸಿ ಅಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಅವಳು ತೀರ್ಮಾನಿಸಿದ್ದಳು. ಮನೆಯನ್ನು ನೋಡಿಯೂ ಬಂದಿದ್ದಳು.

ತೊಂದರೆ ಒಂದೇ. ಬಸ್ಸು ಬೇಗ ಸ್ಟಾರ್ಟ್ ಆಗದ ದಿನ ಅವಳು ಕಚೇರಿಗೆ ತಡವಾಗುತ್ತಿದ್ದಳು. ಸಂಘದ ಬಸ್ಸಿನಿಂದ ಸಂಘದ ಕಚೇರಿಗೆ ತಡವಾಗಿ ಬಂದುದೇಕೆಂದು ಸಂಘವು ಅವಳಿಗೆ ನೋಟಿಸು ಕೊಟ್ಟಿತು. ಕಚೇರಿಯಲ್ಲಿ ಟೈಪಿಸ್ಟ್ ಇದ್ದವಳು ಅವಳೊಬ್ಬಳೇ ಆದ್ದರಿಂದ ಆ ನೋಟಿಸನ್ನು ಅವಳೇ ಟೈಪ್ ಮಾಡಿದಳು. ಒಂದೂ ತಪ್ಪಿರಲಿಲ್ಲ ಎಂದು ಅಧ್ಯಕ್ಷರಾದ ಪಾಲಾಕ್ಷಪ್ಪನವರು ಮೆಚ್ಚಿಕೊಂಡರಂತೆ.

“ಸರ್, ಬಸ್ಸಿಗೆ ಒಂದು ಬ್ಯಾಟರಿ ಹಾಕಿಸಿದ್ರ ನಾ ಎಂದೂ ತಡ ಮಾಡಂಗಿಲ್ರಿ,” ಎಂದಳು ರಮಾ.

“ಅರ್ಜಿ ಕೊಡಮ್ಮ,” ಎಂದರು ಪಾಲಾಕ್ಷಪ್ಪ. “ಬ್ಯಾಟರಿ ಸತ್ತೈತಿ ಅಂಬೋದಕ್ಕೆ ಫೋಟೋ ಹಚ್ಚಬೇಕು. ನಿಯಮ ಐತಿ.”

ಸತ್ತ ಬ್ಯಾಟರಿಯೂ ಬದುಕಿರುವ ಬ್ಯಾಟರಿಯೂ ಫೋಟೋದಲ್ಲಿ ಒಂದೇ ತರಹ ಕಾಣುತ್ತವೆ. ಆದ್ದರಿಂದ ಬಸ್ಸು ತಳ್ಳುವುದನ್ನೇ ಫೋಟೋ ಹೊಡೆಸುವುದೆಂದು ಊರವರು ಸೇರಿ ತೀರ್ಮಾನಿಸಿದೆವು. ಕೊಟ್ಟೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಗುರುಬಸವರಾಜನನ್ನು ಕರೆಸಿದೆವು. ತಪ್ಪಾದದ್ದು ಇಲ್ಲೇ. ಗುರುಬಸವರಾಜ ಹೊಟ್ಟೆಪಾಡಿಗೆ ಮದುವೆ ಫೋಟೋ ತೆಗೆಯುತ್ತಿದ್ದರೂ ಅವನ ಜೀವವೆಲ್ಲ ಹಳೇ ಬಸ್ಸುಗಳ ಮೇಲೆ ಇತ್ತು. ಹಡಗಲಿಯ ಹುಣಸೆಮರದ ಕೆಳಗೆ ತುಕ್ಕು ಹಿಡಿದು ನಿಂತ, ಇಂಜಿನ್ ಮುಂದಕ್ಕೆ ಚಾಚಿದ ಮೂತಿ ಬಸ್ಸು, ತಂಬ್ರಹಳ್ಳಿಯಲ್ಲಿ ಕೋಳಿಗೂಡಾದ ಬಸ್ಸು, ರಬ್ಬರ್ ಹಾರ್ನು, ಮರದ ಸೀಟು, ಏನನ್ನೂ ಫೋಟೋ ತೆಗೆಯದೆ ಬಿಟ್ಟಿರಲಿಲ್ಲ. ಮದುವೆ ಆಲ್ಬಮ್ಮುಗಳಲ್ಲಿಯೂ ಮದುಮಗಳ ಹಿಂದೆ ದಿಬ್ಬಣದ ಬಸ್ಸು ಇರುವಂತೆ ನೋಡಿಕೊಳ್ಳುತ್ತಿದ್ದ. ಕೆಲವು ಫೋಟೋಗಳಲ್ಲಿ ಮದುಮಗಳು ಇರುತ್ತಿರಲಿಲ್ಲ.

ಅವನು ನಮ್ಮ ಬಸ್ಸು ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಬಿಸಿಲು ಇನ್ನೂ ಸರಿಯಾಗಿ ಬಿದ್ದಿಲ್ಲ, ತಡೆಯಿರಿ ಎಂದ. ಅಷ್ಟರಲ್ಲಿ ಬಸ್ಸು, ಎಂದೂ ಇಲ್ಲದ್ದು, ಒಂದೇ ನೂಕಿಗೆ ಸ್ಟಾರ್ಟ್ ಆಯಿತು.

“ಬಂದ್ ಮಾಡೋ ಹುಲುಗಣ್ಣ, ಬಂದ್ ಮಾಡು! ಹಿಂದಕ್ಕ ತರ್ರಿ!” ಎಂದು ಗುರುಬಸವರಾಜ ಕೂಗಿದ.

“ಲೇ, ಸ್ಟಾರ್ಟ್ ಆದ ಬಸ್ಸು ಬಂದ್ ಮಾಡಿದ್ರ ಪಾಪ ಬರತೈತಿ!” ಎಂದ ಹುಲುಗಣ್ಣ. ಆದರೂ ಬಂದ್ ಮಾಡಿದ. ಬ್ಯಾಟರಿ ಬರುತ್ತದಲ್ಲ ಎಂದು ನಾವೂ ಅದನ್ನು ಏರಿಗೆ ತಳ್ಳಿ ತಂದು, ಮತ್ತೆ ಇಳಿಜಾರಿಗೆ ತಳ್ಳಿದೆವು.

ಫೋಟೋ ಚೆನ್ನಾಗಿ ಬಂತು. ಚೆನ್ನಾಗಿ ಎಂದರೆ ಸಾಲದು, ನೋಡಿದರೆ ಎದೆ ತುಂಬಿ ಬರುತ್ತಿತ್ತು. ಹೊಂಬಣ್ಣದ ಧೂಳು, ಕೆಂಪು ಬಸ್ಸು, ಅದರ ಬೆನ್ನಿಗೆ ಕೈ ಕೊಟ್ಟ ಏಳು ಜನ. ನಡುವೆ ನೀಲಿ ಸೀರೆಯ ರಮಾ, ಹೆಗಲಲ್ಲಿ ಬುತ್ತಿಚೀಲ, ತಗಡಿಗೆ ಆನಿಸಿದ ಕೆನ್ನೆ. ನಾನು ಆ ಚೌಕಟ್ಟಿನಿಂದ ಅರ್ಧ ಮೊಳ ಹೊರಗೆ ಇದ್ದೆ. ಆಗ ಬೇಜಾರಾಗಿತ್ತು.

ಅರ್ಜಿ ಆಡಳಿತ ಮಂಡಳಿಯ ಮುಂದೆ ಹೋಯಿತು. ಸಂಘದ ಸುವರ್ಣ ಮಹೋತ್ಸವದ ವರ್ಷ ಅದು. ನಿರ್ದೇಶಕರು ಫೋಟೋವನ್ನು ಕೈಯಿಂದ ಕೈಗೆ ದಾಟಿಸಿದರು. ಬ್ಯಾಟರಿ ವಿಷಯ ಯಾರ ಗಮನಕ್ಕೂ ಬರಲಿಲ್ಲ. ಕೆಲವೇ ದಿನಗಳಲ್ಲಿ ಐದೂ ಊರುಗಳ ಬಸ್ ನಿಲ್ದಾಣಗಳಲ್ಲಿ ಈ ಪ್ರಕಟಣೆ ಅಂಟಿತು:

“ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ದಿಬ್ಬದಹಟ್ಟಿ ವಸ್ತಿ ವಾಹನವನ್ನು ಸಂಘವು ಪಾರಂಪರಿಕ ವಾಹನವೆಂದು ಘೋಷಿಸಿದೆ. ಸದರಿ ವಾಹನವನ್ನು ಛಾಯಾಚಿತ್ರದಲ್ಲಿ ಇದ್ದಂತೆಯೇ ಕಾಪಾಡತಕ್ಕದ್ದು. ಬ್ಯಾಟರಿ ಅಳವಡಿಸುವುದನ್ನು ಪರಂಪರೆಗೆ ಮಾಡಿದ ಅಪಚಾರವೆಂದು ಪರಿಗಣಿಸಲಾಗುವುದು. ಛಾಯಾಚಿತ್ರದಲ್ಲಿ ಇರುವ ಏಳು ಜನರೇ, ಅದೇ ಅಥವಾ ಅದರಂತಹ ಉಡುಪಿನಲ್ಲಿ, ಪ್ರತಿದಿನ ವಾಹನವನ್ನು ತಳ್ಳತಕ್ಕದ್ದು.”

ಏಳು ಜನರಲ್ಲಿ ಉಜ್ಜಿನಪ್ಪ ಎಂಬಾತ ಅಂದು ಬಸ್ಸು ತಳ್ಳಿರಲೇ ಇಲ್ಲ. ಒಂದು ಕೈ ಬಸ್ಸಿಗೆ ಊರಿ ಇನ್ನೊಂದು ಕೈಯಲ್ಲಿ ಬೀಡಿ ಹಿಡಿದಿದ್ದ. ಆದ್ದರಿಂದ ಅವನು ದಿನವೂ ಹಾಗೆಯೇ ನಿಲ್ಲಬೇಕಾಯಿತು, ಬೀಡಿಯನ್ನು ಸಂಘವೇ ಒದಗಿಸಿತು. ನಿಯಮ ಎಂದರೆ ನಿಯಮ.

ಆ ಮೇಲೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಹಳೇ ಬಸ್ಸಿನ ಅಭಿಮಾನಿಗಳು ಕ್ಯಾಮೆರಾ ತಗಲಿಸಿಕೊಂಡು ಬರತೊಡಗಿದರು. ಚಿಕ್ಕಂದಿನಲ್ಲಿ ಇಂಥ ಬಸ್ಸಿನಲ್ಲೇ ಅಜ್ಜಿಯ ಊರಿಗೆ ಹೋಗುತ್ತಿದ್ದೆವು ಎಂದು ಅವರು ಗದ್ಗದಿತರಾಗುತ್ತಿದ್ದರು. ಈಗ ಹತ್ತಿ ಎಂದರೆ ಮಾತ್ರ ಒಲ್ಲೆ ಎನ್ನುತ್ತಿದ್ದರು. ಅವರ ಅನುಕೂಲಕ್ಕಾಗಿ ಸಂಘವು ಹರಪನಹಳ್ಳಿಗೂ ದಿಬ್ಬದಹಟ್ಟಿಗೂ ನಡುವೆ ಹೊಚ್ಚ ಹೊಸ ಬಸ್ಸು ಬಿಟ್ಟಿತು. ಮೆತ್ತನೆಯ ಸೀಟು, ಕಿಟಕಿಗೆ ಪರದೆ, ಸೆಲ್ಫ್ ಹೊಡೆದರೆ ಮೊದಲ ಏಟಿಗೇ ಸ್ಟಾರ್ಟು. ನಾವು ಓಡಿ ಹೋಗಿ ಹತ್ತಲು ನೋಡಿದರೆ ಕಂಡಕ್ಟರ್ ಸೋಮಶೇಖರ್ ಬಾಗಿಲಲ್ಲಿ ಕೈ ಅಡ್ಡ ಹಿಡಿದ.

“ಇದು ಕ್ಯಾಮೆರಾ ಇದ್ದೋರಿಗಷ್ಟ ರೀ.”

“ಅಲ್ಲಪ, ನಾ ಮೆಣಸಿನಕಾಯಿ ಮಾರಕ ಹೊಂಟೀನಿ,” ಎಂದಳು ಗಾಳೆಮ್ಮ, ತಲೆಯ ಮೇಲಿನ ಬುಟ್ಟಿ ತೋರಿಸಿ.

“ಮಾರಬೇ, ಯಾರು ಬ್ಯಾಡಂದಾರ? ಕೊಳ್ಳಾಗ ಒಂದು ಕ್ಯಾಮೆರಾ ಹಾಕ್ಕೊಂಡು ಬಾ.”

ಮರುದಿನವೇ ಗುರುಬಸವರಾಜನ ಸ್ಟುಡಿಯೋದ ಅಟ್ಟದಲ್ಲಿದ್ದ ಕೆಟ್ಟ ಕ್ಯಾಮೆರಾಗಳೆಲ್ಲ ಖರ್ಚಾದವು. ಒಳಗೆ ರೀಲ್ ಇರಬೇಕೆಂದು ನಿಯಮದಲ್ಲಿ ಇರಲಿಲ್ಲ. ಗಾಳೆಮ್ಮ ಕೊಂಡದ್ದಕ್ಕೆ ಕಣ್ಣೇ ಇರಲಿಲ್ಲ, ಬರೀ ಡಬ್ಬಿ. ಅದನ್ನು ತಾಳಿಯ ಪಕ್ಕದಲ್ಲಿ ಇಳಿಬಿಟ್ಟುಕೊಂಡು ಕಿಟಕಿ ಬದಿಯ ಸೀಟಿನಲ್ಲಿ ಕೂತು ಹೋದಳು. ಮೆಕ್ಕೆಜೋಳದ ವ್ಯಾಪಾರಿಗಳು, ಕಾಲೇಜಿನ ಹುಡುಗರು, ಬೀಗರ ಮನೆಗೆ ಹೊರಟ ಮುದುಕರು, ಎಲ್ಲರ ಕೊರಳಲ್ಲೂ ಕ್ಯಾಮೆರಾ. ನಾನೂ ಒಂದು ತೆಗೆದುಕೊಂಡೆ. ಅದರಲ್ಲಿ ಎಲೆ ಅಡಿಕೆ ಇಟ್ಟುಕೊಳ್ಳಲು ಒಳ್ಳೆಯ ಜಾಗವಿದೆ. ಈಗ ನಮ್ಮ ಕಡೆ ಹೆಣ್ಣು ನೋಡಲು ಹೋಗುವವರೂ ಕ್ಯಾಮೆರಾ ಇಲ್ಲದೆ ಹೋಗುವುದಿಲ್ಲ.

ಹೋಗಲಾಗದವರು ಆ ಏಳು ಜನ. ಕ್ಯಾಮೆರಾದ ಮುಂದೆ ಇರಬೇಕಾದವರು ಕ್ಯಾಮೆರಾದ ಹಿಂದೆ ಇರುವಂತಿಲ್ಲ ಎಂದು ಸಂಘ ಸ್ಪಷ್ಟಪಡಿಸಿತು. ಅಭಿಮಾನಿಗಳು ತಿಂಡಿ ತಿಂದು, ಬಿಸಿಲು ಹದಕ್ಕೆ ಬಂದು, ಎಲ್ಲರದೂ ಫೋಟೋ ಮುಗಿಯುವ ತನಕ ತಳ್ಳುತ್ತಲೇ ಇರಬೇಕು. ಆಮೇಲೆ ಅದೇ ಬಸ್ಸು ಹತ್ತಿ ರಮಾ ಕಚೇರಿ ಮುಟ್ಟುವಾಗ ಊಟದ ಹೊತ್ತಾಗಿರುತ್ತಿತ್ತು. ಕೈಗಳಲ್ಲಿ ಬೊಬ್ಬೆ ಎದ್ದು ಟೈಪ್ ಮಾಡಲು ಬರುತ್ತಿರಲಿಲ್ಲ. ಒಂದು ದಿನ ಅವಳು ಪಾಲಾಕ್ಷಪ್ಪನವರ ಮೇಜಿನ ಮುಂದೆ ನಿಂತು ಎರಡೂ ಅಂಗೈ ಚಾಚಿದಳು.

“ಸರ್, ಕೈ ಮುಗೀತೀನಿ. ಆ ಫೋಟೋದಾಗಿಂದ ನನ್ನ ಬಿಟ್ಟುಬಿಡ್ರಿ. ನಾ ಖಾಯಂ ಆಗ್ಬೇಕ್ರಿ. ಅವ್ವನ್ನ ಇಲ್ಲಿಗೆ ಕರಕೊಂಡು ಬರಬೇಕ್ರಿ. ಮನಿ ನೋಡೀನಿ.”

ಪಾಲಾಕ್ಷಪ್ಪನವರು ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಫೋಟೋ ನೋಡಿದರು. “ನಿನ್ನ ಬಿಟ್ರೆ ಅದ್ರಾಗ ಏನೈತಮ್ಮ ನೋಡಾಕೆ? ಉಜ್ಜಿನಪ್ಪನ ಬೀಡಿ ನೋಡಬೇಕಾ?” ಎಂದರು. ಬಳಿಕ ಮೃದುವಾಗಿ, “ಅಳಬ್ಯಾಡ. ಸಂಘ ಅಂದ್ರೆ ತಾಯಿ ಇದ್ದಂಗೆ. ಏನಾರ ದಾರಿ ಮಾಡೋಣ,” ಎಂದರು.

ಮಾತಿಗೆ ತಪ್ಪಲಿಲ್ಲ. ರಮಾಳ ಟೈಪಿಸ್ಟ್ ಹುದ್ದೆಯನ್ನು ತಳ್ಳುವ ಹುದ್ದೆಯಾಗಿ ಪರಿವರ್ತಿಸಿ, ಅವಳನ್ನು ದಿಬ್ಬಕ್ಕೆ ನಿಯೋಜಿಸಿದರು. ಸಂಬಳ ಅದೇ, ತಡವಾಗುವ ಪ್ರಶ್ನೆಯೇ ಇಲ್ಲ. ಕಚೇರಿಯ ಖಾಲಿ ಕುರ್ಚಿಗೆ ಪಾಲಾಕ್ಷಪ್ಪನವರ ತಮ್ಮನ ಮಗಳು ಅಮೃತಾ ಬಂದಳು. ಅವಳಿಗೆ ಟೈಪಿಂಗ್ ಬರುತ್ತಿರಲಿಲ್ಲ. ಆದರೆ ಟೈಪಿಂಗ್ ಪರೀಕ್ಷೆ ಪಾಸಾಗಿರಬೇಕೆಂಬ ನಿಯಮವು ಹುದ್ದೆಯ ಜೊತೆಗೇ ದಿಬ್ಬಕ್ಕೆ ಹೋಗಿತ್ತು. ಹೀಗಾಗಿ ಇಡೀ ಐದೂರಿನಲ್ಲಿ ಬಸ್ಸು ತಳ್ಳಲು ಟೈಪಿಂಗ್ ಬೇಕು, ಟೈಪ್ ಮಾಡಲು ಬೇಡ.

ಬಸ್ಸನ್ನು ಈಗ ತಳ್ಳುವುದಷ್ಟೇ, ಯಾರೂ ಹತ್ತುವುದಿಲ್ಲವಾದ್ದರಿಂದ ಇಂಜಿನ್ನನ್ನು ಬಿಚ್ಚಿ ಮಾರಲಾಯಿತು. ಕೊಂಡವರು ಅಧ್ಯಕ್ಷರ ಸಂಬಂಧಿಕರೇ ಆದ್ದರಿಂದ ವಸ್ತು ಹೊರಗೆ ಹೋಗಲಿಲ್ಲ. ಇಂಜಿನ್ ಇಲ್ಲದ ಬಸ್ಸು ಸ್ಟಾರ್ಟ್ ಆಗಿಬಿಡುವ ಭಯವೂ ಇಲ್ಲ, ಎಷ್ಟು ಸಲ ಬೇಕಾದರೂ ತಳ್ಳಬಹುದು. ಆದರೆ ಇಳಿಜಾರಿಗೆ ಹೋದ ಬಸ್ಸನ್ನು ಮತ್ತೆ ಏರಿಗೆ ತರಬೇಕಲ್ಲ. ಅದಕ್ಕೆ ‘ಏರು ತಳ್ಳುವವರು’ ಎಂಬ ಹೊಸ ಹುದ್ದೆಗಳು ಹುಟ್ಟಿದವು. ಊರಿನ ಪದವೀಧರರೆಲ್ಲ ಅರ್ಜಿ ಹಾಕಿ, ಕೊಟ್ಟೂರಿಗೆ ಟೈಪಿಂಗ್ ಕಲಿಯಲು ಹೋದರು. ಹುಲುಗಣ್ಣ ಇವತ್ತಿಗೂ ಸ್ಟೇರಿಂಗ್ ಹಿಡಿದು ಕೂರುತ್ತಾನೆ ಮತ್ತು ಇಳಿಯುವಾಗ ಬಾಯಲ್ಲೇ ಬುರ್ ಎನ್ನುತ್ತಾನೆ. ಅದಕ್ಕೆ ಪ್ರತ್ಯೇಕ ಭತ್ಯೆ ಕೇಳಿ ಅವನು ಕೊಟ್ಟ ಮನವಿ ಪರಿಶೀಲನೆಯಲ್ಲಿದೆ.

ಕಳೆದ ಸೋಮವಾರ ರಮಾಳನ್ನು ಖಾಯಂ ಮಾಡಿದ ಆದೇಶ ಬಂತು. ಫೋಟೋ ಇರುವ ತನಕ ಅವಳನ್ನು ದಿಬ್ಬದಿಂದ ಬೇರೆಡೆಗೆ ವರ್ಗ ಮಾಡತಕ್ಕದ್ದಲ್ಲ, ಕರ್ತವ್ಯದ ಸ್ಥಳ ಬಿಟ್ಟು ಬೇರೆ ಊರಿನಲ್ಲಿ ಮನೆ ಮಾಡತಕ್ಕದ್ದಲ್ಲ ಎಂದು ಅದರಲ್ಲಿ ಇತ್ತು. ಗಿಡ್ಡಮ್ಮ ಮರುದಿನ ಬೆಳಿಗ್ಗೆ ಕೂಲಿಗೆ ಹೊರಡುವ ಮುಂಚೆ ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಓಣಿಗೆಲ್ಲ ಹಂಚಿದಳು. ಅವಳ ಸಂತೋಷ ನೋಡಿ ನನಗೂ ಸಂತೋಷವಾಯಿತು. ಸಕ್ಕರೆ ಬಾಯಿಗೆ ಹಾಕಿಕೊಂಡೇ ನಾನು ದಿಬ್ಬಕ್ಕೆ ಹೋದೆ. ಹೊಸ ಬಸ್ಸು ಹರಪನಹಳ್ಳಿಗೆ ಹೊರಟು ನಿಂತಿತ್ತು. ರಮಾ ನೀಲಿ ಸೀರೆ ಉಟ್ಟು, ಹೆಗಲಿಗೆ ಖಾಲಿ ಬುತ್ತಿಚೀಲ ಹಾಕಿಕೊಂಡು, ಹಳೇ ಬಸ್ಸಿನ ತಗಡಿಗೆ ಕೆನ್ನೆ ಆನಿಸಿ ಬಿಸಿಲು ಹದಕ್ಕೆ ಬರಲೆಂದು ಕಾಯುತ್ತಿದ್ದಳು. ನಾನು ಹೊಸ ಬಸ್ಸು ಹತ್ತಿ ಕಿಟಕಿಯಿಂದ ಕೇಳಿದೆ:

“ಏನಬೇ ರಮಾ, ಖಾಯಂ ಆತಂತಲ್ಲ?”

“ಆತು ನೋಡಣ್ಣ,” ಎಂದಳು ಅವಳು, ಕೆನ್ನೆ ಅಲುಗಿಸದೆ. “ಇನ್ನ ನಾ ಎಲ್ಲಿಗೂ ಹೋಗಂಗಿಲ್ಲ.”

ಪುಣ್ಯವಂತೆ ಎಂದು ಬಸ್ಸಿನಲ್ಲಿದ್ದವರೆಲ್ಲ ಒಪ್ಪಿದೆವು.