ಗೊಂಡೆ ಟೋಪಿಯ ಪಕ್ಕದ ಸೀಟು

ಕಂದು ಮಂಕಿ ಕ್ಯಾಪಿನ ನೆತ್ತಿಯಲ್ಲಿ ನಿಂಬೆಹಣ್ಣಿನ ಗಾತ್ರದ ಕೆಂಪು ಉಣ್ಣೆಯ ಗೊಂಡೆ, ಅದೂ ತುಸು ಎಡಕ್ಕೆ ವಾಲಿದ್ದು. ಲಂಡನ್ನಿನ ರೈಲಿನಲ್ಲಿ ಒಂದು ಸೀಟನ್ನು ಖಾಲಿ ಉಳಿಸುವ ಶಕ್ತಿ ಈ ಗೊಂಡೆಗಿದೆ ಎಂದರೆ ನಂಬುತ್ತೀರಾ? ನಂಬದಿದ್ದರೆ ಹ್ಯಾರೋದಲ್ಲಿರುವ ನಮ್ಮ ಕಾಕಾನ ಅಡುಗೆಮನೆಗೆ ಬನ್ನಿ. ಗೋಡೆಯ ಕ್ಯಾಲೆಂಡರಿನಲ್ಲಿ ಪುರಾವೆಯಿದೆ!

ಕಾಕಾ ಧಾರವಾಡದವರು, ಇಲ್ಲಿಗೆ ಬಂದು ಮೂವತ್ತು ವರ್ಷ. ನಾನು ಅವರ ಅಣ್ಣನ ಮಗಳು, ಅವರ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ದಿನಾ ಮೆಟ್ರೊಪಾಲಿಟನ್ ಲೈನ್ ರೈಲು ಹಿಡಿದು ಕೆಲಸಕ್ಕೆ ಹೋಗುವ ಕಾಕಾನಿಗೆ ಒಂದೇ ಸಂಶೋಧನೆ: ಪಕ್ಕದ ಸೀಟಿನಲ್ಲಿ ಯಾರಾದರೂ ಬಂದು ಕೂರುವುದು ಯಾವ ಸ್ಟೇಷನ್ನಿನಲ್ಲಿ? ಒಂದು ವಾರ ಟೈ, ಒಂದು ವಾರ ಟೋಪಿ. ಸಂಜೆ ಬೂಟು ಬಿಚ್ಚುವ ಮೊದಲೇ ಕ್ಯಾಲೆಂಡರಿನಲ್ಲಿ ಸ್ಟೇಷನ್ನಿನ ಹೆಸರು ಬರೆಯುತ್ತಾರೆ.

“ಟೈ ಕಟ್ಟಿದ್ರ ಮುಂದಿನ ಸ್ಟೇಷನ್ನಿಗೇ ಒಬ್ಬಾಕಿ ಬಂದು ಕೂತಳು. ಟೋಪಿ ಹಾಕ್ಕೊಂಡ್ರ ಅಷ್ಟು ದೂರದ ಬೇಕರ್ ಸ್ಟ್ರೀಟ್ ತನಕ ನಾನು, ನನ್ನ ಊಟದ ಡಬ್ಬಿ!”

“ಆ ಟೋಪಿ ನೋಡಿದ್ರ ನಾನೂ ಕೂಡೂದಿಲ್ಲ,” ಎಂದರು ಕಾಕಾನ ಹೆಂಡತಿ, ನಮ್ಮ ಕಾಕು, ಚಪಾತಿ ಲಟ್ಟಿಸುತ್ತ.

“ಮೂವತ್ತು ವರ್ಷ ಬಾಜೂಕ ಕೂತೀಯಲ್ಲ, ನಿಂದು ರಿಸಲ್ಟ್ ಲೆಕ್ಕಕ್ಕ ಹಿಡಿಯೂದಿಲ್ಲ!”

ನಾನು ಓದಿದ್ದು ಮನೋವಿಜ್ಞಾನ. ನಮಗೇ ಗೊತ್ತಿಲ್ಲದ ನಮ್ಮ ಪೂರ್ವಗ್ರಹಗಳ ಬಗ್ಗೆ ಆಫೀಸಿನವರಿಗೆ ತರಬೇತಿ ಕೊಡುವುದೇ ನನ್ನ ಕೆಲಸ. ಸುಮ್ಮನಿರಲಾದೀತೇ?

“ಯಾರೂ ಬೇಕಂತ ಮಾಡೂದಿಲ್ಲ ಕಾಕಾ. ಮದಲ ಕಾಲು ನಿರ್ಧಾರ ಮಾಡತಾವ, ಆಮ್ಯಾಲೆ ಮನಸು ಕಾರಣ ಹುಡುಕತದ.”

“ಹಂಗಾದ್ರ ಪುಟ್ಟಿ, ಡಿಗ್ರಿ ಕಾಲಿಗೆ ಕೊಡಬೇಕಾಗಿತ್ತಲ್ಲ!”

“ನಿಮಗ ಬ್ಯಾಸರ ಆಗೂದಿಲ್ಲೇನು?”

“ಯಾಕ? ಕಾಲು ಚಾಚಲಿಕ್ಕೆ ಜಾಗಾ ಸಿಗತದ!”

ಕಳೆದ ತಿಂಗಳ ಒಂದು ಮಂಗಳವಾರ ನಾನು ದಿನಕ್ಕಿಂತ ಬೇಗ, ಕಾಕಾನ ಬೆನ್ನಿಗೇ ಹೊರಟಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಆಫೀಸಿನ ಗೆಳತಿ ಸಿಕ್ಕಳು, ಇಬ್ಬರೂ ಒಂದೇ ಬೋಗಿ ಹತ್ತಿದೆವು. ಅಲ್ಲಿ ಕಿಟಕಿಯ ಪಕ್ಕ ಕಾಕಾ. ತಲೆಯ ಮೇಲೆ ಗೊಂಡೆ, ತೊಡೆಯ ಮೇಲೆ ಡಬ್ಬಿ. ಬೋಗಿ ಅರ್ಧ ಖಾಲಿಯಿತ್ತು.

ನನ್ನ ಕಾಲುಗಳು ಆಚೆ ಕಡೆ ತಿರುಗಿದವು.

ಕಾರಣಗಳೂ ತಡಮಾಡದೆ ಬಂದವು. ಗೆಳತಿಯ ಜೊತೆ ಆಫೀಸಿನ ಮಾತಿದೆ. ಕಾಕಾನ ಪ್ರಯೋಗ ಕೆಡಬಾರದು. ಎಂಥ ಸೊಗಸಾದ ಕಾರಣಗಳು! ನಾಲ್ಕು ಸಾಲು ದೂರದಲ್ಲಿ, ಅವರಿಗೆ ಬೆನ್ನು ಹಾಕಿ ಕೂತೆ. ಕಿಟಕಿಯ ಗಾಜಿನಲ್ಲಿ ಗೊಂಡೆ ಒಮ್ಮೆ ನನ್ನ ಕಡೆ ತಿರುಗಿದ್ದು ಕಂಡಿತು. ಆಮೇಲೆ ಹೊರಗೆ ತಿರುಗಿ ಹಾಗೇ ಇತ್ತು. ಅಂದು ನನ್ನ ತರಬೇತಿಯ ವಿಷಯ: ನಾವು ಯಾರಿಂದ ದೂರ ಕೂರುತ್ತೇವೆ?

ಸಂಜೆ ಕಾಕಾ ಬೂಟು ಬಿಚ್ಚಿದರು, ಕೈಕಾಲು ತೊಳೆದರು, ಊಟಕ್ಕೆ ಕೂತರು. ಕ್ಯಾಲೆಂಡರಿನ ಹತ್ತಿರ ಹೋಗಲೇ ಇಲ್ಲ.

“ಇವತ್ತಿಂದು ಬರೀಲಿಲ್ಲೇನು?” ಎಂದರು ಕಾಕು.

“ಇವತ್ತಿಂದು ಹಿಡಿಯೂದಿಲ್ಲ. ಬೋಗಿ ತುಂಬ ಮಂದಿ, ಬಾಳ ಗದ್ದಲ ಇತ್ತು. ಗದ್ದಲದಾಗ ಯಾರಿಗೆ ಯಾರು ಕಾಣಸ್ತಾರ?” ಎಂದ ಕಾಕಾ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದರು. ನನ್ನ ಮುಖ ನೋಡಲಿಲ್ಲ. ನಾನೂ ತಲೆಯೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾನ ಜೊತೆಗೇ ಹೊರಟು ಅವರ ಪಕ್ಕದ ಸೀಟಿನಲ್ಲಿ ಕೂತೆ. “ಪ್ರಯೋಗ ಕೆಡಿಸಿದಿ ನೋಡು,” ಎಂದರು. ಬಾಗಿಲು ಮುಚ್ಚುವಷ್ಟರಲ್ಲಿ ಗೆಳತಿ ಓಡಿ ಬಂದು ಹತ್ತಿದಳು. ನಾನು ಕೈಯೆತ್ತಿ ಕರೆದು, ಇವರು ನಮ್ಮ ಕಾಕಾ ಎಂದು ಪರಿಚಯಿಸಿದೆ. ಕಾಕಾ ಗಡಿಬಿಡಿಯಿಂದ ಟೋಪಿ ತೆಗೆಯಲು ಹೋದರು. ನಾನು ಅವರ ಕೈ ಹಿಡಿದು ಇಳಿಸಿ, ಗೊಂಡೆಯನ್ನು ನೆಟ್ಟಗೆ ಮಾಡಿದೆ.