ಸದ್ದಿನ ಕ್ಯಾಮೆರಾದ ಸಾಕ್ಷಿ

ಟಪ್! ಟಪ್! ಟಪ್!

ಮಧ್ಯಾಹ್ನದ ಗಾಢ ನಿದ್ದೆಯಲ್ಲಿದ್ದ ರಾಜೇಂದ್ರ ಮಂಚದ ಮೇಲೆ ದಡಕ್ಕನೆ ಎದ್ದು ಕೂತ. "ಇವರ ಮನೆ ಹಾಳಾಗ!" ಎಂದು ಸೂರು ನೋಡಿ ಹಲ್ಲು ಕಡಿದ. ಅಷ್ಟರಲ್ಲಿ ಸದ್ದು ನಿಂತಿತ್ತು. ದಿನಾ ಇದೇ ಗೋಳು. ಕಣ್ಣಿಗೆ ನಿದ್ದೆ ಹತ್ತಿದರೆ ಟಪ್ ಟಪ್, ಎದ್ದು ಕೂತರೆ ಗಪ್‌ಚಿಪ್. ರಾತ್ರಿ ಪಾಳಿಯವನು ಹಗಲು ಮಲಗದೆ ಇನ್ಯಾವಾಗ ಮಲಗಬೇಕು, ನೀವೇ ಹೇಳಿ?

ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಯಂತ್ರಗಳ ಸದ್ದು ಪರೀಕ್ಷಿಸುವುದು ಅವನ ಕೆಲಸ. ಹಿಂದಿನ ರಾತ್ರಿ ಅಲ್ಲಿ ತೂಕಡಿಸಿ ಸಿಕ್ಕಿಬಿದ್ದು, ಮ್ಯಾನೇಜರ್ ಸುಮಂಗಲಾ ಮೇಡಂ ಕೈಲಿ ಚೆನ್ನಾಗಿ ಉಗಿಸಿಕೊಂಡಿದ್ದ.

"ಮನೇಲಿ ಒಂದೇ ಸದ್ದು ಮೇಡಂ, ಮಲಗೋಕೇ ಆಗಲ್ಲ. ಡೇ ಶಿಫ್ಟ್ ಕೊಡಿ."

"ದಿನಾ ಒಂದು ನೆಪ! ನಮ್ಮ ಸದ್ದಿನ ಕ್ಯಾಮೆರಾ ತಗೊಂಡ್ಹೋಗಿ ರೆಕಾರ್ಡ್ ಮಾಡ್ಕೊಂಡ್ ಬನ್ನಿ. ಹಗಲು ನಿದ್ದೆ ಇಲ್ಲ ಅಂತ ಸಾಬೀತಾದ್ರೆ ಡೇ ಶಿಫ್ಟ್. ಇಲ್ಲಾಂದ್ರೆ ಮತ್ತೆ ಈ ಮಾತೆತ್ತಬೇಡಿ."

ಆ ಕ್ಯಾಮೆರಾ ಊಟದ ತಟ್ಟೆಯಷ್ಟು ಅಗಲ. ಮೈತುಂಬ ಪುಟ್ಟ ಮೈಕುಗಳು, ನಡುವೆ ಒಂದು ಕಣ್ಣು. ಸದ್ದು ಒಂದು ಮೈಕಿಗೆ ಚೂರು ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ಮುಟ್ಟುವ ಲೆಕ್ಕ ಹಿಡಿದು, ಅದು ಯಾವ ದಿಕ್ಕಿನಿಂದ ಬಂತೆಂದು ಲ್ಯಾಪ್‌ಟಾಪಿನ ಚಿತ್ರದ ಮೇಲೆ ಬಣ್ಣ ಬಳಿದು ತೋರಿಸುತ್ತದೆ. ಸಣ್ಣ ಸದ್ದಿಗೆ ನೀಲಿ, ಜೋರಿಗೆ ಕೆಂಪು.

ಅದನ್ನು ಮನೆಗೆ ತಂದಿದ್ದರೂ ಚಾಲೂ ಮಾಡುವ ಮೊದಲೇ ನಿದ್ದೆ ಹೋಗಿದ್ದ ರಾಜೇಂದ್ರ, ಈಗ ಧಡಧಡ ಮೆಟ್ಟಿಲು ಹತ್ತಿದ. ಮೇಲಿನ ಮನೆಯ ಶಿವಗಂಗಾ ಅಳುತ್ತಿದ್ದ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

"ಅಲ್ರೀ ಅಣ್ಣಾರ, ಅದು ಏನಂದ್ರ..."

"ಅಂದ್ರ ಗಿಂದ್ರ ಬೇಡ! ರೊಟ್ಟಿ ತಟ್ಟೋಕೂ ಹೊತ್ತುಗೊತ್ತು ಇಲ್ವಾ?"

"ರೊಟ್ಟಿ ಅಲ್ರೀ, ನೀವು..."

"ನಾನಾ? ನಂದೇ ತಪ್ಪಾ? ಚೆನ್ನಾಗಿದೆ ಕಣಮ್ಮಾ!"

ಗಲಾಟೆ ಕೇಳಿ ಮನೆ ಓನರ್ ಬೈರಮ್ಮ ಬಂದರು. ಈ ಹೂಡಿ ಊರಲ್ಲೇ ಹುಟ್ಟಿ ಬೆಳೆದವರು. "ಯಾಕಪ್ಪಾ ಇಂಗೆ ಬಡ್ಕೊಂತೀಯ? ಎಣ್ಮಗ್ಳು ಏನೋ ಯೋಳ್ತಾವ್ಳೆ, ಒಸಿ ಕೇಳು."

"ನಿಮ್ಮ ನೀರಿನ ಪಂಪ್ ಮೇಲೂ ನಂಗೆ ಡೌಟಿದೆ! ಇಬ್ರೂ ಕೆಳಗೆ ಬನ್ನಿ. ನಾನು ಮಲಗ್ತೀನಿ. ಸದ್ದು ಬಂದಾಗ ಕೆಂಪು ಎಲ್ಲಿ ಬೀಳುತ್ತೋ ಕಣ್ಣಾರೆ ನೋಡಿ!"

"ನಾವಿಬ್ರೂ ನಿನ್ ತಾವೇ ಕುಂತ್ರೆ ಸದ್ದು ಎಂಗಪ್ಪಾ ಬತ್ತದೆ?"

"ಬರ್ಲಿಲ್ಲ ಅಂದ್ರೆ ನೀವೇ ಕಳ್ರು ಅಂತ ಸಾಬೀತಾಯ್ತು!"

ಕೋಪ ಬಂದವನ ಹತ್ತಿರ ಯಾರು ವಾದ ಮಾಡುತ್ತಾರೆ? ಇಬ್ಬರೂ ಬಂದು ಹೊಸ್ತಿಲ ಬಳಿ ಕೂತರು. ಮಂಚ, ಗೋಡೆ, ಸೂರು ಎಲ್ಲ ಕಾಣುವಂತೆ ಮೂಲೆಯ ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು, ರಾಜೇಂದ್ರ ಬೈಯುತ್ತಲೇ ಅಡ್ಡಾದ. ಬೈಗುಳ ಅರ್ಧಕ್ಕೇ ನಿಂತಿತು.

ಎಚ್ಚರವಾದಾಗ ಸಂಜೆಯಾಗಿತ್ತು. ಹೊಸ್ತಿಲ ಬಳಿ ಯಾರೂ ಇಲ್ಲ. ಕಂಪನಿಯ ಕ್ಯಾಬು ಹೊರಗೆ ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು. ಟಪ್ ಅನ್ನುವ ಸದ್ದು ಒಂದು ಸಲವೂ ಬಂದಿರಲಿಲ್ಲ! ರಾಜೇಂದ್ರ ಕ್ಯಾಮೆರಾ, ಲ್ಯಾಪ್‌ಟಾಪ್ ಬಾಚಿಕೊಂಡು ಓಡಿದ.

"ಸಿಕ್ಕಿಬಿದ್ರು ಮೇಡಂ! ಅವರು ಕೆಳಗೆ ಬಂದು ಕೂತ್ರು, ಸದ್ದೇ ಇಲ್ಲ!"

"ಸದ್ದೇ ಇಲ್ವಾ?" ಸುಮಂಗಲಾ ಮೇಡಂ ರೆಕಾರ್ಡಿಂಗ್ ಹಚ್ಚಿದರು.

ಗೊರ್ರ್ರ್! ಮೇಜಿನ ಮೇಲಿದ್ದ ಪೆನ್ನು ನಡುಗಿತು. ಚಿತ್ರದಲ್ಲಿ ಸೂರು ನೀಲಿ, ಗೋಡೆ ನೀಲಿ. ಕುಂಕುಮ ಚೆಲ್ಲಿದಂತೆ ಕೆಂಪು ಬಿದ್ದಿದ್ದುದು ಮಂಚದ ಮೇಲಿದ್ದ ರಾಜೇಂದ್ರನ ಮೂಗಿನ ಮೇಲೆ. ಗೊರಕೆಯ ಸಂದಿಯಲ್ಲಿ ಶಿವಗಂಗಾಳ ದನಿ ಕೇಳಿಸಿತು.

"ದಿನಾ ಹಿಂಗ ನೋಡ್ರಿ. ಕೂಸು ಬೆಚ್ಚಿಬಿದ್ದು ಅಳ್ತೈತಿ. ಅದಕ್ಕ ಲಟ್ಟಣಗೀಲೆ ನೆಲಕ್ಕ ಬಡೀತೀನಿ. ಎಚ್ಚರಾಗಿ ಸುಮ್ಮನಾಗ್ತಾರ."

"ಅದ್ನ ಯೋಳ್ಬಾರ್ದಾ?" ಇದು ಬೈರಮ್ಮನ ದನಿ.

"ಹೇಳಾಕ ಬಿಟ್ಟಾರೇನ್ರಿ ಅವರು!"

"ಓಗ್ಲಿ, ಇವತ್ತು ಬಡೀಬ್ಯಾಡ. ಪಾಪ, ಮಲೀಕಳ್ಳಿ. ಮಗೀನ ನಮ್ಮನೇಲಿ ಮಲಗ್ಸು ಬಾ."

ಆಮೇಲೆ ರೆಕಾರ್ಡಿಂಗಿನ ತುಂಬ ಗೊರಕೆ.

"ಇಡೀ ಮಧ್ಯಾಹ್ನ ಮಗ್ಗುಲೂ ಬದಲಾಯಿಸಿಲ್ಲ," ಎಂದರು ಮೇಡಂ. "ಹಗಲು ಇಷ್ಟು ಚೆನ್ನಾಗಿ ಮಲಗೋರು ನಮ್ಮ ಕಂಪನೀಲಿ ಇನ್ಯಾರಿದ್ದಾರೆ ರಾಜೇಂದ್ರ? ಇನ್ಮೇಲೆ ನೈಟ್ ಶಿಫ್ಟ್ ನಿಮಗೇ ಪರ್ಮನೆಂಟ್."

ರಾಜೇಂದ್ರನಿಗೆ ಕೋಪ ನೆತ್ತಿಗೇರಿತು. ಬೈಯಲು ಬಾಯಿಯನ್ನೂ ತೆರೆದ. ಆದರೆ ಯಾವ ದಿಕ್ಕಿಗೆ ತಿರುಗಿ ಬೈಯಬೇಕೆಂದು ಮಾತ್ರ ತಿಳಿಯಲಿಲ್ಲ.