ಗೇರ್ ಬಿಡದ ಭಾವ

ಕುರಿಗಳ ಒಪ್ಪಿಗೆ ಕೇಳಿ ಗಾಡಿ ಕೊಳ್ಳಲು ಹೋದವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು ಇದ್ದರೆ, ಅದು ನಮ್ಮ ಭಾವ! ನಗಬೇಡಿ. ನಾನೂ ನಕ್ಕವನೇ. ಹಾಗೆ ನಕ್ಕವನ ಗತಿ ಏನಾಯಿತು ಎಂದು ಒಪ್ಪಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಯಲ್ಲದಕೆರೆ ಕಡೆಯವರು. ವಯಸ್ಸು ಎಪ್ಪತ್ತು ದಾಟಿದೆ. ಹಟ್ಟಿ ತುಂಬ ಕುರಿ, ಹಟ್ಟಿಯ ಮುಂದೆ ಒಂದು ಹಳೆಯ ಡೀಸೆಲ್ ಪಿಕಪ್. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಕುರಿಸಂತೆಯೋ ಅಲ್ಲಿ ಆ ಗಾಡಿ. ಎಲ್ಲರೂ ರಸ್ತೆ ನೋಡಿಕೊಂಡು ಗಾಡಿ ಓಡಿಸಿದರೆ ನಮ್ಮ ಭಾವ ಕನ್ನಡಿಯಲ್ಲಿ ಕುರಿ ನೋಡಿಕೊಂಡು ಓಡಿಸುತ್ತಾರೆ. ಗೇರ್ ಬದಲಿಸಿದಾಗ ಹಿಂದೆ ನಿಂತ ಕುರಿ ತೂರಾಡಬಾರದು. ತೂರಾಡಿದರೆ ಓಡಿಸುವವನ ಮಾನ ಹೋದಂತೆ. ತೂರಾಡಿದ ಕುರಿ ಸಂತೆಯಲ್ಲಿ ಸಪ್ಪಗೆ ನಿಲ್ಲುತ್ತದೆ, ಸಪ್ಪಗೆ ನಿಂತ ಕುರಿಯನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದು ಅವರ ಶಾಸ್ತ್ರ. ಈ ಮರ್ಯಾದೆ ಮನುಷ್ಯರಿಗೆ ಉಂಟೇ? ಒಮ್ಮೆ ಒಂದು ಮದುವೆಗೆ ನಮ್ಮ ನೆಂಟರನ್ನೆಲ್ಲ ಅದೇ ಗಾಡಿಯಲ್ಲಿ ತುಂಬಿಕೊಂಡು ಹೋದರು. ಇಳಿದ ಮೇಲೆ ಒಬ್ಬರು ಸೊಂಟ ಹಿಡಿದುಕೊಂಡು, ಕುರಿಗೆ ಇರುವ ನಾಜೂಕು ನಮಗಿಲ್ಲವೇ ಎಂದು ಕೇಳಿದ್ದಕ್ಕೆ ಭಾವ ಹೇಳಿದ್ದು ಇಷ್ಟೇ: "ನಿಮಗೆ ಹಿಡ್ಕಳಾಕೆ ಕೈ ಐತಲ್ರಿ. ಕುರಿಗೆ ಐತಾ?"

ಎರಡು ವರ್ಷದ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ಕಾಲೂ ಬಂತು. ಬಲಗೈ ಮಾತ್ರ ಅರ್ಧದಲ್ಲೇ ನಿಂತುಬಿಟ್ಟಿತು. ಎಡಗೈಯಲ್ಲಿ ಉಣ್ಣಬೇಕಲ್ಲ ಎಂಬ ನಾಚಿಕೆಗೆ ನಾಲ್ಕು ಜನರ ಎದುರು ಅವಳು ಊಟಕ್ಕೇ ಕೂರುತ್ತಿರಲಿಲ್ಲ. ಇಂಥವಳನ್ನು ಮನೆಯಲ್ಲಿ ಮಲಗಿಸಿ ಆರೈಕೆ ಮಾಡುವುದು ಬಿಟ್ಟು ಭಾವ ಏನು ಮಾಡಿದರು ಅಂತೀರಿ? ಗಾಡಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಂತೆ ಸಂತೆ ಸುತ್ತಿಸತೊಡಗಿದರು! ನಾನು ಆಕ್ಷೇಪಿಸಿದೆ. "ಮನೇಲಿ ಕುಂದ್ರಿಸಿದ್ರೆ ಗೋಡೆ ನೋಡ್ತಾಳೆ. ಇಲ್ಲಾದ್ರೆ ರೋಡ್ ನೋಡ್ತಾಳೆ" ಎಂದರು.

ಅದೇ ಸುಮಾರಿಗೆ ಇನ್ನೆರಡು ಕಾಯಿಲೆ ಶುರುವಾದವು. ಒಂದು, ಭಾವನ ಎಡಗಾಲಿನ ಮಂಡಿ. ಚಿತ್ರದುರ್ಗದ ಡಾಕ್ಟರು, ಚಿಪ್ಪು ಸವೆದಿದೆ, ಇನ್ನು ಕ್ಲಚ್ ತುಳಿಯಬೇಡಿ ಎಂದರು. ಎರಡನೆಯದು ಗೇರ್. ಹಿರಿಯೂರಿನಲ್ಲಿ ನಮ್ಮ ಮನೆ ಇರುವುದು ಬೀದಿಯ ತಿರುವಿನಲ್ಲಿ. ಆ ತಿರುವಿಗೆ ಬಂದು ಎರಡನೇ ಗೇರಿಗೆ ಇಳಿಯುವಾಗ ಭಾವನ ಗಾಡಿ ಹಿಟ್ಟಿನ ಗಿರಣಿಗೆ ಕಲ್ಲು ಬಿದ್ದಂತೆ "ಕರ್ರ್..." ಎಂದು ಕಿರುಚತೊಡಗಿತು. ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಒಳಗಿನಿಂದ ನನ್ನ ಹೆಂಡತಿ, "ನಿಮ್ಮ ಭಾವ ಬಂದ್ರು, ಟೀಗಿಡ್ಲಾ?" ಎನ್ನುತ್ತಿದ್ದಳು. ಕುರಿಯ ಕಿವಿ ಅಲ್ಲಾಡದಂತೆ ಗೇರ್ ಹಾಕುತ್ತಿದ್ದ ಮನುಷ್ಯ! ವಯಸ್ಸಾಯಿತು, ಕೈ ಬಿದ್ದುಹೋಯಿತು ಎಂದು ನಾನು ತೀರ್ಮಾನಿಸಿದೆ. ಗಾಡಿ ಹತ್ತಿ ನೋಡಿದೆನೇ? ಇಲ್ಲ. ಕುರಿ ವಾಸನೆಗೆ ತಲೆನೋವು ಬರುತ್ತದೆ ಎಂಬ ನೆಪ ಹೇಳಿ ನಾನು ಆ ಗಾಡಿಯನ್ನು ಹತ್ತುತ್ತಲೇ ಇರಲಿಲ್ಲ. ಕುರಿ ಕಾಯುವವರ ಮನೆಯಲ್ಲೇ ಹುಟ್ಟಿದವನು ಹೀಗೆನ್ನಬಹುದೇ? ಎಸ್ಸೆಸ್ಸೆಲ್ಸಿ ಪಾಸಾಗಿ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಸೊಕ್ಕು, ಅನ್ನಿ.

ಹಳೆಯ ಗಾಡಿಗೆ ತುಕ್ಕು ಹಿಡಿದು ಕುರಿಯ ಕಾಲು ತೂರುವಷ್ಟು ತೂತಾದಾಗ, ಹೊಸದನ್ನು ಕೊಳ್ಳುವ ಮಾತು ಬಂತು. ಆಟೋಮ್ಯಾಟಿಕ್ ಕೊಡಿಸಬೇಕು, ಭಾವನನ್ನು ಒಪ್ಪಿಸುವುದು ನನ್ನ ಕೆಲಸ ಎಂದು ಮನೆಯವರೆಲ್ಲ ಸೇರಿ ನನ್ನನ್ನು ಮುಂದೆ ಮಾಡಿದರು.

"ಭಾವ, ಅದಕ್ಕೆ ಕ್ಲಚ್ಚೇ ಇಲ್ಲ. ಎಡಗಾಲಿಗೆ ಕೆಲಸಾನೇ ಇಲ್ಲ" ಎಂದೆ.

"ಕೆಲಸ ಇಲ್ದಿದ್ ಕಾಲು ಏನ್ ಮಾಡ್ತೈತೆ?"

"ಸುಮ್ನೆ ಇರ್ತೈತೆ."

"ನೀನು ರಿಟೈರಾದ್ಮೇಲೆ ಸುಮ್ನೆ ಇದೀಯೇನಪ್ಪ? ಮಂದಿ ಮನೆ ಗಾಡಿ ವಿಚಾರಕ್ಕೆ ಬಂದಿದೀಯ."



ಅಂತೂ ಒಂದು ದಿನ ಚಿತ್ರದುರ್ಗದ ಶೋರೂಮಿಗೆ ಹೊರಟರು. ನಾನು ಬಸ್ಸಿನಲ್ಲಿ ಹೋಗಿ ಬಾಗಿಲಲ್ಲಿ ಕಾದೆ. ಹಳೆಯ ಪಿಕಪ್ ಬಂದು ನಿಂತಿತು. ಮೊದಲು ಭಾವ ಇಳಿದರು, ಆಮೇಲೆ ಅಕ್ಕ, ಆಮೇಲೆ ಎರಡು ಕುರಿ! ಇದೇನು ಭಾವ ಎಂದರೆ, "ಓಡ್ಸೋನು ನಾನು, ನಿಂತ್ಕಳೋವು ಅವು. ಅವನ್ನ ಕೇಳ್ಬ್ಯಾಡ್ವಾ?" ಎಂದರು. ಹೊಳೆಯುವ ನೆಲದ ಮೇಲೆ ಒಂದು ಕುರಿ ತನ್ನ ಅಭಿಪ್ರಾಯವನ್ನು ಆಗಲೇ ಉದುರಿಸಿತ್ತು. ಸೇಲ್ಸ್‌ಮನ್ ಕಾಗದದಲ್ಲಿ ಅದನ್ನು ಒರೆಸಿ, ಕುರಿಗಳನ್ನು ಹೊಸ ಗಾಡಿಗೆ ಹತ್ತಿಸಿದ. ಪುಣ್ಯಾತ್ಮ.

ಅದು ಎರಡು ಸಾಲು ಸೀಟಿನ ಗಾಡಿ. ಹಿಂದೆ ನಾನು ಮತ್ತು ಸೇಲ್ಸ್‌ಮನ್, ಮುಂದೆ ಭಾವ, ಪಕ್ಕದಲ್ಲಿ ಅಕ್ಕ. ಇಬ್ಬರ ನಡುವಿನ ಹಿಡಿಯನ್ನು ಅಕ್ಕ ಮೆಲ್ಲಗೆ ಮುಟ್ಟಿದಳು.

"ಅದನ್ನ ಒಂದ್ಸಲ ಡಿ ಅನ್ನೋದಕ್ಕೆ ಹಾಕಿದ್ರೆ ಮುಗೀತಮ್ಮ. ಊರು ಬರೋವರ್ಗೂ ಮುಟ್ಟಂಗೇ ಇಲ್ಲ" ಎಂದ ಸೇಲ್ಸ್‌ಮನ್, ಹೆಮ್ಮೆಯಿಂದ.

"ಮುಟ್ಟಂಗೇ ಇಲ್ವಾ?" ಎಂದರು ಭಾವ. ಸಾವಿನ ಸುದ್ದಿ ಕೇಳಿದವರಂತೆ ಅವರ ಮುಖ ಇಳಿಯಿತು. ನನಗೆ ನಗು ಬಂತು.

ಗಾಡಿ ಬೆಣ್ಣೆಯಂತೆ ಹೊರಟಿತು. ಕುರಿಗಳು ತೃಪ್ತಿಯಿಂದ ನಿಂತಿದ್ದವು. ಇನ್ನೇನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಎದುರಿಗೆ ರಸ್ತೆಯ ಉಬ್ಬು. ಐವತ್ತು ವರ್ಷ ಕ್ಲಚ್ ತುಳಿದ ಎಡಗಾಲು ಸುಮ್ಮನಿದ್ದೀತೇ? ಕ್ಲಚ್ ಎಂದುಕೊಂಡು ಬ್ರೇಕನ್ನೇ ಪೂರ್ತಿ ತುಳಿದುಬಿಟ್ಟಿತು! ಸೇಲ್ಸ್‌ಮನ್ನನ ಮೂಗು ಮುಂದಿನ ಸೀಟಿಗೆ, ನನ್ನ ಕನ್ನಡಕ ಅಕ್ಕನ ಮಡಿಲಿಗೆ, ಎರಡೂ ಕುರಿ ಒಂದರ ಮೇಲೊಂದು. ಭಾವ ಕನ್ನಡಿ ನೋಡಿ ಶಾಂತವಾಗಿ ಹೇಳಿದರು: "ಕುರಿ ಒಪ್ಲಿಲ್ಲ."

ಶೋರೂಮಿಗೆ ಮರಳಿದ ಮೇಲೆ ನಾನು ಒಂದು ಕುತಂತ್ರ ಮಾಡಿದೆ. ಸೇಲ್ಸ್‌ಮನ್ನನ್ನು ಪಕ್ಕಕ್ಕೆ ಕರೆದು, ಗೇರ್ ಗಾಡಿ ಬರುವುದೇ ನಿಂತಿದೆ ಎಂದು ಹೇಳಿಸಿದೆ. ಭಾವ ಕೇಳಿಸಿಕೊಂಡು, ಅಕ್ಕನನ್ನು ಹಳೆಯ ಗಾಡಿಗೆ ಹತ್ತಿಸಿದರು. ಅಷ್ಟರಲ್ಲಿ, ನನ್ನ ಗ್ರಹಚಾರ ನೋಡಿ, ಹೂವಿನ ಹಾರ ಹಾಕಿಕೊಂಡ ಹೊಸ ಪಿಕಪ್ ಒಂದು ನಮ್ಮೆದುರೇ ಹೊರಬಂತು. ಭಾವ ಕೈ ಅಡ್ಡ ಹಿಡಿದು ನಿಲ್ಲಿಸಿ ಒಳಗೆ ಬಗ್ಗಿ ನೋಡಿದರು. ಮೂರು ಪೆಡಲ್!

"ಸುಳ್ಳು ಹೇಳಾಕೂ ಕ್ಲಚ್ ತುಳೀಬೇಕು ಕಣಪ್ಪ" ಎಂದರು ನನ್ನ ಕಡೆ ತಿರುಗಿ. "ನೀನು ಸೀದಾ ಗೇರಿಗೇ ಕೈ ಹಾಕ್ದೆ."

ಸೇಲ್ಸ್‌ಮನ್ ನಕ್ಕ. ಹಾರ ಹಾಕಿದ ಗಾಡಿಯವರೂ ನಕ್ಕರು. ಅದಕ್ಕೇ ಇರಬೇಕು, ನಾನು ನಾಲಿಗೆ ಹರಿಯಬಿಟ್ಟೆ. ನಿಮಗೆ ಮುಪ್ಪು ಬಂದಿದೆ, ನಿಮ್ಮ ಗೇರಿನ ಕರ್ರ್ ಸದ್ದಿಗೆ ಇಡೀ ಹಿರಿಯೂರು ನಗುತ್ತದೆ, ಎರಡನೇ ಗೇರ್ ಎಲ್ಲಿದೆ ಎಂದು ತಿಳಿಯದ ಕೈ ಅದು, ಒಂದು ದಿನ ಆ ಕೈಯೇ ನಮ್ಮಕ್ಕನನ್ನು ಕೊಲ್ಲುತ್ತದೆ ಎಂದುಬಿಟ್ಟೆ. ಗಾಡಿಯಲ್ಲಿ ಕೂತ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ತನ್ನ ಬಲಗೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಕೈ ನೋಯುತ್ತಿರಬೇಕು ಎಂದುಕೊಂಡೆ. ಭಾವ ಕುರಿಗಳನ್ನು ಹಿಂದೆ ಹತ್ತಿಸಿದರು. ಗಾಡಿ ಹೊರಟಿತು. ಅವತ್ತು ಕರ್ರ್ ಎಂಬ ಸದ್ದೇ ಬರಲಿಲ್ಲ. ಬೈದಿದ್ದಕ್ಕೆ ಬುದ್ಧಿ ಬಂತು ಎಂದು ನಾನು ಬೀಗಿದೆ.

ಆಮೇಲೆ ಬಹಳ ದಿನ ನಮ್ಮ ತಿರುವಿನಲ್ಲಿ ಆ ಗಾಡಿ ಕಾಣಲಿಲ್ಲ. ನಾಯಿಗಳು ನೆಮ್ಮದಿಯಾಗಿ ಮಲಗಿದವು. ಹೆಂಡತಿ ಮಾತ್ರ ಟೀ ಮಾಡುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ಮೊನ್ನೆ ಭಾವನೇ ಫೋನ್ ಮಾಡಿ, ಹೊಸ ಗಾಡಿ ಬಂದೈತೆ, ಹೊರಕೆರೆದೇವಪುರಕ್ಕೆ ಪೂಜೆಗೆ ಹೋಗಾಣ ಬಾ ಎಂದರು. ಬಂದದ್ದು ಎರಡು ಸಾಲು ಸೀಟಿನ ಗಾಡಿಯೇ. ಆದರೆ ಪೆಡಲ್ ಮೂರು. ಹಿಂದೆ ಅದೇ ಎರಡು ಕುರಿ.

"ದೇವಸ್ಥಾನಕ್ಕೆ ಕುರಿ ಯಾಕೆ ಭಾವ?" ಎಂದೆ, ಗಾಬರಿಯಿಂದ.

"ಹೆದರ್ಕಬ್ಯಾಡ. ಸಾಕ್ಷಿಗೆ."

ಹಿಂದಿನ ಸೀಟಿನಲ್ಲಿ ಕೂತೆ. ಗಾಡಿ ಹೊರಟು ನಮ್ಮ ತಿರುವು ದಾಟಿತು. ಭಾವ ಹಲ್ಲು ಕಚ್ಚಿಕೊಂಡು ಎಡಗಾಲು ಒತ್ತಿ, "ಎರಡು" ಎಂದರು. ಭಾವನ ಎರಡೂ ಕೈ ಸ್ಟಿಯರಿಂಗಿನ ಮೇಲೇ ಇದ್ದವು! ಗೇರಿನ ಮೇಲೆ ಇದ್ದದ್ದು ನಮ್ಮಕ್ಕನ ಬಲಗೈ. ಬೆರಳುಗಳು ಒಂದೊಂದಾಗಿ ಅದರ ಹಿಡಿಯನ್ನು ಹಿಡಿದವು. ಅಕ್ಕ ಉಸಿರು ಬಿಗಿಹಿಡಿದು ಎಳೆದಳು.

ಕರ್ರ್.

ಶೋರೂಮಿನಲ್ಲಿ ನಾನು ಬೈದದ್ದು ಯಾವ ಕೈಗೆ ಎಂದು ಆಗ ತಿಳಿಯಿತು. ಅವತ್ತು ಸದ್ದು ಬರದೇ ಇದ್ದದ್ದು ಯಾಕೆ ಎಂದೂ ತಿಳಿಯಿತು.

"ಡಾಕ್ಟ್ರು ರಬ್ಬರ್ ಚೆಂಡು ಕೊಟ್ಟು ಹಿಸುಕು ಅಂದಿದ್ರು. ತಿಪ್ಪೆಗೆ ಎಸೆದ್ಲು" ಎಂದರು ಭಾವ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ. "ಇದನ್ನ ಎಸೆಯಾಕೆ ಬರಲ್ಲ ನೋಡು."

"ಹೇಳಬೇಕಿತ್ತಲ್ಲ ಭಾವ."

"ಸದ್ದು ನಿಂತ ಮೇಲೆ ಹೇಳಾಣ ಅಂದ್ಲು ನಿಮ್ಮಕ್ಕ. ನೀನು ಬೈದ ಮೇಲೆ ಸುಮಾರು ದಿನ ಮುಟ್ಟಲೇ ಇಲ್ಲ."

"ಮಂಡಿ?"

"ನೋಯ್ತೈತೆ" ಎಂದರು, ಅಷ್ಟೇ.

ಅಕ್ಕನಿಗೆ ಏನಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಅವಳೇ ಅರ್ಧ ತಿರುಗಿ, "ಬಿಡೋ ತಮ್ಮ, ನೀನು ನಮ್ಮ ಗಾಡಿ ಹತ್ತಿದ್ಯಲ್ಲ" ಎಂದಳು.

ಮುಂದೆ ಒಂದು ದಿಬ್ಬ ಬಂತು. ಭಾರದ ಲಾರಿಯೊಂದು ತಿಣುಕುತ್ತ ಏರುತ್ತಿತ್ತು. ಭಾವ ಕ್ಲಚ್ ಒತ್ತಿದರು. ಈ ಸಲ ಯಾವ ಗೇರ್ ಎಂದು ಹೇಳಲಿಲ್ಲ. ಅಕ್ಕನ ಕೈ ತಾನೇ ಮುಂದೆ ಹೋಗಿ, ತಡೆದು, ಗೇರನ್ನು ಸದ್ದಿಲ್ಲದೆ ಮೆಲ್ಲಗೆ ಹಿಂದಕ್ಕೆ ಎಳೆಯಿತು.

ನಾನು ತಿರುಗಿ ಹಿಂದೆ ನೋಡಿದೆ. ಕುರಿಗಳೆರಡೂ ಅಲ್ಲಾಡದೆ ನಿಂತಿದ್ದವು.